ನಡುವಿನ ನಂದಿ

ಹೊಳೆದಂಡೆಯ ಮಠ, ಮುನವಳ್ಳಿ ಹತ್ತಿರ
ಪ್ಲವಂಗ ಸಂವತ್ಸರ, ಕಾರ್ತಿಕ ಶುದ್ಧ ಪಂಚಮಿ
(ನವೆಂಬರ್ ೧೯೦೭)

ಚಿರಂಜೀವಿ ಸೌಭಾಗ್ಯವತಿ ಸುಂದರವ್ವಳಿಗೆ,

ನಿನ್ನ ಅಪ್ಪನ ಆಶೀರ್ವಾದ. ಇಲ್ಲಿ ನಾನು, ನನ್ನ ಮೊಳಕಾಲು, ಮಠದ ಮುದಿ ಎಮ್ಮೆ, ಮೂವರೂ ಕುಂಟುತ್ತ ಕುಂಟುತ್ತ ಚೆನ್ನಾಗಿಯೇ ಇದ್ದೇವೆ. ಸುರೇಬಾನದಲ್ಲಿ ನೀನು, ಅಳಿಯ ನೀಲಪ್ಪನವರು, ನಿನ್ನ ಅತ್ತೆಯವರು ಸುಖವಾಗಿದ್ದೀರೆಂದು ನಂಬಿದ್ದೇನೆ. ದೀಪಾವಳಿಗೇ ಬರೆಯಬೇಕಾಗಿದ್ದ ಕಾಗದ ಇದು. ತಡವಾಯಿತೆಂದು ಮುಖ ಊದಿಸಿಕೊಳ್ಳಬೇಡ. ಕಾರಣ ಕೇಳಿದರೆ ನೀನೇ ಹೌದೆನ್ನುತ್ತೀ.

ನಿನ್ನ ಅಪ್ಪ ಈಗ ಬರೀ ಮಠದ ಕಾರಭಾರಿಯಲ್ಲ. ದೇವಚಿತ್ರಶಾಲೆಯ ಹಿರಿಯನೂ ಹೌದು. ಹಾಗಂದರೇನು ಎಂದು ಕೇಳುತ್ತೀಯಲ್ಲ, ಹೇಳುತ್ತೇನೆ.

ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಮಠದ ಸ್ವಾಮಿಗಳಾದ ಅಜ್ಜನವರು ಬೈಲಹೊಂಗಲಕ್ಕೆ ಪೂಜೆಗೆ ಹೋಗಿದ್ದರು. ಸಂತೆಯ ಬೀದಿಯಲ್ಲಿ ಒಬ್ಬ ಕಂಚುಗಾರನ ಅಂಗಡಿ. ಒಡೆದ ಕೊಡ, ತೂತು ಬಿದ್ದ ತಂಬಿಗೆಗಳ ರಾಶಿಯೊಳಗೆ ವೀರಭದ್ರ ದೇವರ ಹಿತ್ತಾಳೆಯ ಮುಖವೊಂದು ಅಂಗಾತ ಬಿದ್ದಿತ್ತಂತೆ. ಯಾವುದೋ ಊರಿನವರು ಹೊಸ ಮುಖ ಮಾಡಿಸಿ ಹಳೆಯದನ್ನು ಕರಗಿಸಲು ಕೊಟ್ಟಿದ್ದರು. ಅಜ್ಜನವರು ಅಲ್ಲೇ ಕಟ್ಟೆಯ ಮೇಲೆ ಕುಳಿತವರು ಏಳಲೇ ಇಲ್ಲ. “ಇಷ್ಟು ಮಂದಿ ಕೈ ಮುಗದ ಮುಖ ಅದು. ಒಲಿಯಾಗ ಹಾಕಬ್ಯಾಡಪ್ಪಾ, ನನ್ನ ಉಡಿಯಾಗ ಹಾಕು” ಎಂದರಂತೆ. ಮುಖವನ್ನು ಮಡಿಲಲ್ಲಿಟ್ಟುಕೊಂಡೇ ಗಾಡಿಯಲ್ಲಿ ಮಠಕ್ಕೆ ಬಂದರು.

ಮರುದಿನವೇ ಅಪ್ಪಣೆಯಾಯಿತು. ಹತ್ತಿಯ ಅಂಡಿಗೆ, ಹಗ್ಗ, ಮುರಿದ ಗಾಡಿಯ ಗಾಲಿ ತುಂಬಿದ್ದ ಬಡಗಣ ಪಡಸಾಲೆಯನ್ನು ತೆರವು ಮಾಡಬೇಕು. ಸುಣ್ಣ ಬಳಿಸಬೇಕು. ಹಳತಾಯಿತೆಂದು ಜನ ಮೂಲೆಗೆ ಎಸೆದ ದೇವರ ಸಾಮಾನೆಲ್ಲ ಅಲ್ಲಿಗೆ ಬರಬೇಕು. ಪೂಜೆಗಲ್ಲ, ನೋಡುವುದಕ್ಕೆ. ಮಾಡಿದವರ ಕೈಯ ಹೆಚ್ಚುಗಾರಿಕೆ ಮುಂದಿನವರಿಗೆ ಗೊತ್ತಾಗಬೇಕು. ಅಜ್ಜನವರು ಇದಕ್ಕೆ ದೇವಚಿತ್ರಶಾಲೆ ಎಂದು ಹೆಸರಿಟ್ಟಿದ್ದಾರೆ. ಊರವರ ಬಾಯಲ್ಲಿ ಅದು ಅಜಬಖಾನೆ, ಸೋಜಿಗದ ಸಾಮಾನಿನ ಮನೆಯೇ ಆಗಿದೆ.

ಏನೇನು ಬಂದಿದೆ ಎಂದು ನೋಡಬೇಕು ನೀನು! ಕಿತ್ತೂರಿನಿಂದ ಬಣ್ಣ ಹೋದ ಮರದ ದ್ವಾರಪಾಲಕರು ಬಂದಿದ್ದಾರೆ. ಒಬ್ಬನಿಗೆ ಮೂಗಿಲ್ಲ, ಆದರೂ ಗತ್ತು ಕಡಿಮೆಯಾಗಿಲ್ಲ. ಸವದತ್ತಿಯಿಂದ ಒಂದು ತೂಗುದೀಪ ಬಂದಿದೆ, ಅದರ ಸರಪಳಿಯ ಕೊಂಡಿಗೊಂದು ಹಕ್ಕಿ. ಶಿವನ ಮದುವೆಯ ದಿಬ್ಬಣ ಬರೆದ, ಗಂಜೀಫಾ ಆಟದ ಎಲೆಗಳಷ್ಟೇ ಚಿಕ್ಕ ಚಿತ್ರಗಳು ಬಂದಿವೆ. ನಾನು ಮೂಗಿಗೆ ಕನ್ನಡಕ ಏರಿಸಿ ನೋಡುತ್ತ ಕುಳಿತರೆ ಊಟದ ಗಂಟೆ ಕೇಳಿಸುವುದಿಲ್ಲ.

ಈಗ ಮುಖ್ಯ ಮಾತು. ಮೊನ್ನೆ ಅಜ್ಜನವರು ಪಡಸಾಲೆಯಲ್ಲಿ ನಿಂತು ಕೇಳಿದರು: “ಬಸವಣ್ಣೆಪ್ಪಾ, ಎಲ್ಲಾ ಬಂತು. ನಮ್ಮ ಮಠದ್ದ ಅನ್ನುವಂಥಾದ್ದು ಏನೈತಿ?” ನನ್ನ ಮನಸ್ಸಿನಲ್ಲಿದ್ದದ್ದೇ ಅವರ ಬಾಯಲ್ಲಿ ಬಂತು: “ನಿನ್ನ ಹೇಣತಿ ಕಸೂತಿ ಹಾಕಿದ ಗದ್ದಗಿ ವಸ್ತ್ರ ಇದ್ದಿದ್ರ!”

ನಿನಗೆ ಗೊತ್ತಲ್ಲ, ನಮ್ಮಲ್ಲಿ ಮೂಲಗುರುಗಳ ಗದ್ದುಗೆಗೆ ಪ್ರತಿ ಶಿವರಾತ್ರಿಗೆ ಹೊಸ ವಸ್ತ್ರ ಹೊದಿಸುತ್ತೇವೆ. ಹಳೆಯದನ್ನು ಹರಿದು ತುಂಡು ಮಾಡಿ ಭಕ್ತರಿಗೆ ಪ್ರಸಾದವಾಗಿ ಹಂಚುತ್ತೇವೆ. ಹರಿಯುವ ಮಾನ ಕಾರಭಾರಿಯದು. ಹೀಗಾಗಿ ಯಾವ ವಸ್ತ್ರವೂ ವರುಷ ದಾಟಿ ಉಳಿದದ್ದಿಲ್ಲ. ನಿಮ್ಮವ್ವ ತೀರಿಕೊಳ್ಳುವ ಮುಂಚೆ ಹಾಕಿದ ಆ ಕೆಂಪು ವಸ್ತ್ರವನ್ನೂ ನಾನೇ ನನ್ನ ಕೈಯಾರೆ ಹರಿದೆ. ಅವಳು ಕಂಬಕ್ಕೆ ಒರಗಿ ನಿಂತು ನೋಡಿದಳು, ನಕ್ಕಳು ಕೂಡ.

ಅವಳು ಅದನ್ನು ಹೊಲಿಯುವಾಗ ನಾನು ಕಾಡಿದ್ದು ನೆನಪಿದೆಯೇ? ಗೋಪುರ, ಆನೆ, ನವಿಲು, ಪಲ್ಲಕ್ಕಿ, ನಡುವೆ ದೊಡ್ಡ ನಂದಿ. ಆದರೆ ಒಂದೊಂದರ ನಡುವೆಯೂ ಬೋಳು ಬಟ್ಟೆ. ಬೇರೆ ಹೆಂಗಸರ ಹಾಗೆ ಬಳ್ಳಿ ಹಬ್ಬಿಸಿ ಎಲ್ಲವನ್ನೂ ಕೂಡಿಸಿರಲಿಲ್ಲ. “ರೇಷ್ಮಿ ಉಳಸಾಕತ್ತೀಯೇನು?” ಎಂದೆ. ಅವಳು ಸೂಜಿಯಿಂದ ಕಣ್ಣೆತ್ತದೆ, “ಹರಿಯಾವ್ರು ನೀವ ಅಲ್ಲೇನ್ರಿ? ನಿಮ್ಮ ಕೈಗೆ ದಾರಿ ಬಿಟ್ಟೇನಿ” ಎಂದಳು. ಹರಿಯುವ ದಿನ ನನಗೆ ಅದರ ಅರ್ಥವಾಯಿತು. ಒಂದು ಆನೆಯ ಸೊಂಡಿಲೂ ತುಂಡಾಗಲಿಲ್ಲ, ಒಂದು ಎಳೆಯೂ ಬಿಚ್ಚಲಿಲ್ಲ. ಪ್ರತಿ ಚಿತ್ರವೂ ತನ್ನಷ್ಟಕ್ಕೆ ಶುರುವಾಗಿ ತನ್ನಷ್ಟಕ್ಕೆ ಮುಗಿದಿತ್ತು.

ಅಂದಮೇಲೆ ಆ ತುಂಡುಗಳು ಎಲ್ಲೋ ಇವೆಯಲ್ಲ! ಭಕ್ತರ ಮನೆಗಳಲ್ಲಿ ಇವೆ. ಅವನ್ನು ತಿರುಗಿ ಕೂಡಿಸುತ್ತೇನೆಂದು ಅಜ್ಜನವರಿಗೆ ಮಾತು ಕೊಟ್ಟಿದ್ದೇನೆ. ಬರುವ ಶಿವರಾತ್ರಿಗೆ ಶಾಲೆ ತೆರೆಯುತ್ತದೆ. ನಿಮ್ಮವ್ವನ ಕೆಲಸ ಅದರ ನಟ್ಟನಡುವೆ ತೂಗಬೇಕು.

ಹೊಲಿದವರ ಮನೆಯ ಪಾಲಿಗೆ ನಡುವಿನ ನಂದಿ ಬಂದಿತ್ತು. ಅದನ್ನು ನಿನಗೆ ಕಟ್ಟಿಕೊಟ್ಟೆನಲ್ಲ, ತೊಟ್ಟಿಲಿಗೆಂದು. ಇರಲಿ, ಆ ಮಾತು ಈಗ ಬೇಡ. ಬಳೆಗಾರ ಚಮನಸಾಬ ಆ ಕಡೆ ಬಂದಾಗ ಅವನ ಕೈಯಲ್ಲಿ ನಂದಿಯನ್ನು ಕಳಿಸು. ಇನ್ನೂ ಒಳ್ಳೆಯದೆಂದರೆ, ನೀನೇ ತಾ. ತವರಿಗೆ ಬಂದು ಬಹಳ ದಿನವಾಯಿತು.

ಅಳಿಯಂದಿರಿಗೆ, ಅತ್ತೆಯವರಿಗೆ ನನ್ನ ಶರಣು ತಿಳಿಸು.

ನಿನ್ನ ಅಪ್ಪ
ಬಸವಣ್ಣೆಪ್ಪ

*

ಹೊಳೆದಂಡೆಯ ಮಠ
ಮಾರ್ಗಶಿರ ಬಹುಳ ಬಿದಿಗೆ
(ಡಿಸೆಂಬರ್ ೧೯೦೭)

ಚಿ. ಸೌ. ಸುಂದರವ್ವಳಿಗೆ ಆಶೀರ್ವಾದ.

ಸುರೇಬಾನದಲ್ಲಿ ಮಸಿ ಬತ್ತಿಹೋಗಿದೆಯೋ, ಲೆಕ್ಕಣಿಕೆಗೆ ಇರುವೆ ಮುತ್ತಿವೆಯೋ? ಹೆಣ್ಣುಮಗಳಿಗೆ ಅಕ್ಷರ ಯಾಕೆಂದು ಊರೆಲ್ಲ ನಕ್ಕಾಗ ಮೊಳಕಾಲ ಮೇಲೆ ಕೂರಿಸಿಕೊಂಡು ಮರಳಿನಲ್ಲಿ ತಿದ್ದಿಸಿದವನು ನಾನು. ಅದರ ಫಲ ಇದು. ಅಪ್ಪನ ಕಾಗದಕ್ಕೆ ಎರಡು ಸಾಲು ಉತ್ತರವಿಲ್ಲ.

ಇಲ್ಲಿ ತುಂಡುಗಳು ಒಂದೊಂದಾಗಿ ಬರುತ್ತಿವೆ. ಮೊಟ್ಟಮೊದಲು ಕೊಟ್ಟವನು ಯಾರೆಂದುಕೊಂಡೆ? ಚಮನಸಾಬ. ಅವನ ಬಳೆಯ ಮಲಾರದ ತುದಿಗೆ ನವಿಲಿನ ತುಂಡು ಕಟ್ಟಿಕೊಂಡಿದ್ದ. “ಇದನ್ನ ಕಟ್ಟಿದಾಗಿಂದ ಒಂದು ಬಳಿ ಒಡದಿಲ್ಲರಿ ಕಾಕಾ. ಆದರೂ ಕಾಕೂನ ಕೈಕೆಲಸ, ತೊಗೋರಿ” ಎಂದು ತಾನೇ ಬಿಚ್ಚಿ ಕೊಟ್ಟ. ನೇಸರಗಿಯ ಮುದಕಪ್ಪ ಮಾತ್ರ ನನ್ನ ಬೆವರಿಳಿಸಿದ. ಅವನ ಹೋರಿಯ ಕೊಂಬಿನಲ್ಲಿತ್ತು ಗೋಪುರ. “ನಾ ಕೊಡತೇನಿ, ಹೋರಿ ಕೊಡತೈತೇನು ಕೇಳ್ರಿ” ಎಂದ ಪುಣ್ಯಾತ್ಮ. ಹೋರಿಗೆ ಬೆಲ್ಲ ತಿನ್ನಿಸಿ, ಗದ್ದುಗೆಯ ಈ ವರುಷದ ವಸ್ತ್ರದಲ್ಲಿ ಪಾಲು ಕೊಡುವೆನೆಂದು ಮುದಕಪ್ಪನಿಗೆ ಮಾತು ಕೊಟ್ಟು, ಬಿಚ್ಚಿಕೊಂಡು ಬಂದೆ. ನನ್ನ ಧೋತರಕ್ಕೆ ಹೋರಿಯ ಕೊಂಬಿನ ಗುರುತು ಬಿದ್ದಿದೆ, ಬಂದಾಗ ತೋರಿಸುತ್ತೇನೆ.

ಒಂದು ತುಂಡು ಜೋಳ ತುಂಬಿದ ನೆಲದ ಹಗೇವಿನ ಬಾಯಿಯಲ್ಲಿ ಸಿಕ್ಕಿತು, ಇನ್ನೊಂದು ಬಾಣಂತಿಯ ದಿಂಬಿನ ಅಡಿಯಲ್ಲಿ. ಒಂದಕ್ಕೆ ಎಣ್ಣೆಯ ಜಿಡ್ಡು, ಒಂದಕ್ಕೆ ಅರಿಷಿಣ, ಒಂದಕ್ಕೆ ಹೊಗೆ ಹಿಡಿದಿದೆ. ನಾನು ಅಂಟವಾಳ ನೆನೆಹಾಕಿ ತೊಳೆಯಲು ಕುಳಿತಿದ್ದೆ. ಅಜ್ಜನವರು ತಡೆದರು. “ತೊಳೀಬ್ಯಾಡ. ಒಂದೊಂದು ಕಲೀನೂ ಒಂದೊಂದು ಮನಿ” ಎಂದರು. ಹಾಗೇ ಬಿಟ್ಟಿದ್ದೇನೆ.

ಎಲ್ಲವನ್ನೂ ಕೂಡಿಸುತ್ತಿರುವವಳು ನಿಮ್ಮವ್ವನ ಗೆಳತಿ, ಕೌದಿ ಹೊಲಿಯುವ ಕೃಷ್ಣವ್ವ. ಹಿಂದೆ ಬೇರೆ ಬಟ್ಟೆ ಕೊಡಬಾರದೆಂದು ನಾನು ಹಟ ಹಿಡಿದೆ. ಹಿಂದೂ ಮುಂದೂ ಒಂದೇ ಆಗಿರುವ ನಿಮ್ಮವ್ವನ ಗಂಟಿಲ್ಲದ ಹೊಲಿಗೆಯ ಎರಡು ಮಗ್ಗುಲೂ ಜನರಿಗೆ ಕಾಣಬೇಕು. ಹೀಗಾಗಿ ಅಂಚಿಗೆ ಅಂಚು ಕೂಡಿಸಿ ಹೊಲಿಯುತ್ತಿದ್ದಾಳೆ. ಸುತ್ತಲಿನದೆಲ್ಲ ಆಯಿತು. ನಡುವೆ ಅಂಗೈ ಹಾಯುವಷ್ಟು ತೂತು. ಅಲ್ಲಿ ನಂದಿ ಬರಬೇಕು, ಸುಂದರಾ!

ಕೃಷ್ಣವ್ವ ನಿನ್ನೆ ಕೇಳಿದಳು: “ಯಣ್ಣಾ, ಮಗಳು ಕೊಡಂಗಿಲ್ಲಂದ್ರ ನಾನ ಒಂದು ನಂದಿ ಹಾಕಿ ಕೂಡಸಲೇನು?” ನಾನು ಗದರಿಬಿಟ್ಟೆ. ನಿಮ್ಮವ್ವ ಶಟ್ಟೆವ್ವನ ಕಸೂತಿಯಲ್ಲಿ ಇನ್ನೊಬ್ಬರ ಕೈ ಹಾಯಬಾರದು. ಆಮೇಲೆ ಪಾಪ, ಅವಳು ಸೂಜಿದಾರ ಸುತ್ತಿಟ್ಟು ಎದ್ದು ಹೋದಳು.

ನಿನಗೆ ಅದು ತವರಿನ ಗುರುತು, ಕೊಡಲು ಮನಸ್ಸಿಲ್ಲ ಎಂದರೆ ಹಾಗೆಂದು ಬರೆ. ಸುಮ್ಮನಿರಬೇಡ. ಹೋರಿಯೇ ಕೊಟ್ಟಿತು, ನೀನು ಕೊಡುವುದಿಲ್ಲವೇ? ಈ ಕಾಗದವನ್ನು ಚಮನಸಾಬನ ಕೈಯಲ್ಲೇ ಕಳಿಸುತ್ತೇನೆ. ಈ ಸಲ ಅವನ ಹೆಂಡತಿ ನೂರಬಿಯೂ ಬರುತ್ತಾಳೆ, ಕೈತುಂಬ ಬಳೆ ಇಡಿಸಿಕೋ. ಹಸಿರು ಬಳೆ ಇಡಲು ಹೇಳಿದ್ದೇನೆ. ತಿರುಗಿ ಬರುವಾಗ ಅವರ ಕೂಡ ನಂದಿ ಬರಲಿ.

ನಿನ್ನ ಅಪ್ಪ
ಬಸವಣ್ಣೆಪ್ಪ

*

ಹೊಳೆದಂಡೆಯ ಮಠ
ಫಾಲ್ಗುಣ ಶುದ್ಧ ಪಂಚಮಿ
(ಮಾರ್ಚ್ ೧೯೦೮)

ನನ್ನ ಕಣ್ಣ ಬೆಳಕು ಸುಂದರವ್ವಳಿಗೆ,

ಅಪ್ಪನ ತುಂಬು ಆಶೀರ್ವಾದ. ಬಹಳ ದಿನ ಬರೆಯಲಿಲ್ಲ. ಬರೆಯಬೇಕೆಂದು ಕುಳಿತು ಕುಳಿತು ಎದ್ದಿದ್ದೇನೆ. ಕೆಲಸವೂ ಹಾಗೇ ಇತ್ತು. ಶಿವರಾತ್ರಿ ಮುಗಿದು ಪಡಸಾಲೆಯ ನೆಲ ಒಣಗಿದೆ, ಹೂವಿನ ಕಸ ಗುಡಿಸಿಯಾಗಿದೆ. ಈಗ ನಿಧಾನವಾಗಿ ಎಲ್ಲ ಹೇಳುತ್ತೇನೆ.

ಶಾಲೆ ತೆರೆಯಿತು ಮಗಳೇ! ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯಿಂದೆಲ್ಲ ಗಾಡಿಗಳು ಬಂದವು. ಹೊಳೆಯ ಮರಳಿನಲ್ಲಿ ಎತ್ತು ಬಿಡಲು ಜಾಗವಿರಲಿಲ್ಲ. ನಾನು ಹೊಸ ರುಮಾಲು ಸುತ್ತಿ ಬಾಗಿಲಲ್ಲಿ ನಿಂತಿದ್ದೆ. ಇದು ಗುಡಿಯಲ್ಲ, ನೋಡುವ ಜಾಗ, ಕಾಯಿ ಒಡೆಯಬೇಡಿ ಎಂದು ಬಂದವರಿಗೆಲ್ಲ ಹೇಳಿ ಹೇಳಿ ಗಂಟಲು ಬಿದ್ದುಹೋಯಿತು. ಯಾರು ಕೇಳುತ್ತಾರೆ? ನಾನು ಅತ್ತ ತಿರುಗುವುದರೊಳಗೆ ಮೂಗಿಲ್ಲದ ದ್ವಾರಪಾಲಕನ ಹಣೆಗೆ ವಿಭೂತಿ ಬಿದ್ದಿತ್ತು. ಒಬ್ಬ ಮುದುಕಿ ವೀರಭದ್ರನ ಮುಖದ ಮುಂದೆ ಕುಳಿತುಬಿಟ್ಟಳು. “ಮಂಗಳಾರತಿ ಯಾವಾಗರಿ?” ಎಂದು ನನ್ನನ್ನೇ ಕೇಳಿದಳು. ಇಲ್ಲಿ ಮಂಗಳಾರತಿ ಇಲ್ಲವ್ವಾ ಎಂದರೆ, “ಹಂಗಾರ ಇಷ್ಟು ದೇವರನ್ನ ಉಪಾಸ ಕೆಡವೀರೇನು?” ಎಂದು ಜಗಳಕ್ಕೇ ನಿಂತಳು. ಅಜ್ಜನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಡೆಗೆ ಅವಳ ಸಮಾಧಾನಕ್ಕೆ ಒಂದು ಕರ್ಪೂರ ಹಚ್ಚಿಸಿದರು.

ಈಗ ನಿಮ್ಮವ್ವನ ವಿಷಯ. ಪಡಸಾಲೆಯ ಹಿಂದಿನ ಬಾಗಿಲು ಗದ್ದುಗೆಯ ಕೋಣೆಗೆ ತೆರೆಯುತ್ತದೆಯಲ್ಲ, ಅದರ ಎದುರಿಗೆ ಸಾಗವಾನಿ ಚೌಕಟ್ಟು ನಿಲ್ಲಿಸಿ ವಸ್ತ್ರವನ್ನು ಬಿಗಿದಿದ್ದೇವೆ. ಬೆಳಕು ಎರಡೂ ಕಡೆಯಿಂದ ಬೀಳುತ್ತದೆ. ಜನ ಈ ಕಡೆ ನಿಂತು ನೋಡುತ್ತಾರೆ, ಸುತ್ತು ಹಾಕಿ ಆ ಕಡೆಯಿಂದ ನೋಡುತ್ತಾರೆ, ಮತ್ತೆ ಈ ಕಡೆ ಬರುತ್ತಾರೆ. ಬೈಲಹೊಂಗಲದ ದೇಸಾಯರ ಮನೆಯ ಹಿರಿಯ ಹೆಂಗಸೊಬ್ಬರು ಬಂದಿದ್ದರು. ಹೊಲಿಗೆಯಲ್ಲಿ ಅವರಿಂದ ಹೊಗಳಿಸಿಕೊಂಡವರು ಈ ಸೀಮೆಯಲ್ಲಿ ಇಲ್ಲವಂತೆ. ಮೂಗು ಬಟ್ಟೆಗೆ ತಾಗುವಷ್ಟು ಬಾಗಿ ಗಂಟು ಹುಡುಕಿದರು. ಆನೆಯಲ್ಲಿ ಹುಡುಕಿದರು, ಪಲ್ಲಕ್ಕಿಯಲ್ಲಿ ಹುಡುಕಿದರು. ಕಡೆಗೆ ಸೊಂಟದ ಮೇಲೆ ಕೈಯಿಟ್ಟು, “ಇದರದ ಮಾರಿ ಯಾವ ಕಡೆ, ಬೆನ್ನ ಯಾವ ಕಡೆ?” ಎಂದರು. “ನನಗೂ ಗೊತ್ತಿಲ್ರಿ. ಹಾಕಿದಾಕಿಗೂ ಗೊತ್ತಿತ್ತೋ ಇಲ್ಲೋ” ಎಂದೆ. ಆಗ ನನ್ನ ಎದೆ ಉಬ್ಬಿದ್ದನ್ನು ಹೇಗೆ ಬರೆಯಲಿ? ರುಮಾಲಿನ ತುದಿ ಕಣ್ಣಿಗೆ ಬಿದ್ದ ಹಾಗೆ ಮಾಡಿ ಒರೆಸಿಕೊಂಡೆ.

ಇನ್ನೂ ಒಂದಿದೆ. ಅಲ್ಲಿರುವ ದೀಪ, ಮುಖ, ಮರದ ಕೆಲಸ ಯಾವುದಕ್ಕೂ ಮಾಡಿದವರ ಹೆಸರು ಗೊತ್ತಿಲ್ಲ. ಇದೊಂದಕ್ಕೇ ಗೊತ್ತಿರುವುದು. ಅಜ್ಜನವರು ಹಲಗೆ ತರಿಸಿ ನನ್ನ ಕೈಯಿಂದಲೇ ಬರೆಸಿದರು. ‘ಕಸೂತಿ ಹಾಕಿದವಳು ಶಟ್ಟೆವ್ವ.’ ಬಸವಣ್ಣೆಪ್ಪನ ಹೆಂಡತಿ ಎಂದು ಸೇರಿಸಲೇ ಎಂದು ಕೇಳಿದೆ. “ಸೂಜಿ ನೀ ಹಿಡದಿದ್ದೇನು?” ಎಂದರು. ಸೇರಿಸಲಿಲ್ಲ. ಮಠ ಕಟ್ಟಿದಾಗಿನಿಂದ ಅದರ ಗೋಡೆಯ ಮೇಲೆ ಒಬ್ಬ ಹೆಣ್ಣುಮಗಳ ಹೆಸರು ಬರೆದದ್ದು ಇದೇ ಮೊದಲು. ಅದು ನಿಮ್ಮವ್ವನದು, ಸುಂದರಾ. ಅದನ್ನು ನೋಡಲು ನಾನು ದಿನಾ ಬೆಳಿಗ್ಗೆ ಏನಾದರೊಂದು ನೆಪ ಮಾಡಿಕೊಂಡು ಪಡಸಾಲೆಗೆ ಹೋಗುತ್ತೇನೆ.

ಕೃಷ್ಣವ್ವನ ಮುನಿಸು ಇಳಿದಿದೆ. ತನ್ನ ಅಂಚಿನ ಹೊಲಿಗೆ ಎಲ್ಲೂ ಕಾಣುವುದಿಲ್ಲವೆಂದು ಬಂದವರಿಗೆಲ್ಲ ತೋರಿಸುತ್ತ ತಿರುಗಿದಳು. ಮುದಕಪ್ಪ ಹೋರಿಯನ್ನೇ ಹೊಡೆದುಕೊಂಡು ಬಂದಿದ್ದ. ಗೋಪುರವನ್ನು ಅದಕ್ಕೂ ತೋರಿಸಬೇಕಂತೆ. ಕಿಟಕಿಯ ಹತ್ತಿರ ತಂದು ನಿಲ್ಲಿಸಲು ಬಿಟ್ಟೆ.

ವಸ್ತ್ರದ ನಡುವೆ ಜಾಗ ಹಾಗೆಯೇ ಇದೆ. ಏನೂ ಹೊಲಿಸಿಲ್ಲ, ಹೊಲಿಸುವುದೂ ಇಲ್ಲ. ಚೌಕಟ್ಟಿನ ಮುಂದೆ ನಿಂತರೆ ಅದರೊಳಗಿಂದ ಹಿಂದಿನ ಕೋಣೆಯ ಗದ್ದುಗೆಯ ದೀಪ ನೆಟ್ಟಗೆ ಕಣ್ಣಿಗೆ ಬೀಳುತ್ತದೆ. ನಾವು ಹಾಗೆಂದು ಲೆಕ್ಕ ಹಾಕಿ ನಿಲ್ಲಿಸಿದ್ದಲ್ಲ, ಆದದ್ದು ಹಾಗೆ. ಇಲ್ಲಿ ಏನಿತ್ತು, ಯಾಕೆ ಖಾಲಿ ಎಂದು ಎಲ್ಲರೂ ಕೇಳುತ್ತಾರೆ. “ನಂದಿ ಇದ್ದ, ಮೇಯಾಕ ಹೋಗ್ಯಾನ” ಎನ್ನುತ್ತೇನೆ. ನಗುತ್ತಾರೆ, ಮುಂದೆ ಹೋಗುತ್ತಾರೆ.

ಬಿಸಿಲು ಏರುವ ಮೊದಲು ಒಮ್ಮೆ ಬಾ. ಅಳಿಯಂದಿರಿಗೆ ಬೇರೆ ಕಾಗದ ಬರೆದಿದ್ದೇನೆ, ಕಳಿಸುತ್ತಾರೆ. ನಿನ್ನ ಕೋಣೆಗೆ ಸುಣ್ಣ ಬಳಿಸಿಟ್ಟಿದ್ದೇನೆ. ಮೂಲಗುರುಗಳು ನಿನ್ನ ಮುತ್ತೈದೆತನ ಕಾಯಲಿ, ನಿನ್ನ ಮನಸ್ಸಿಗೆ ತಂಪು ಕೊಡಲಿ.

ಯಾವಾಗಲೂ ನಿನ್ನವನಾದ ಅಪ್ಪ
ಬಸವಣ್ಣೆಪ್ಪ

ತಾ. ಕ. — ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಸುರೇಬಾನದಿಂದ ತಿರುಗಿ ಬಂದ ದಿನ ಚಮನಸಾಬ ಮಠದ ಕಟ್ಟೆಯ ಮೇಲೆ ತಲೆ ತಗ್ಗಿಸಿ ಕುಳಿತ. ನೂರಬಿ ನನ್ನನ್ನು ಬೇವಿನ ಮರದ ಕೆಳಗೆ ಕರೆದು ಹೇಳಿದಳು: “ಕಾಕಾ, ಇನ್ನ ಆ ನಂದಿ ಕೇಳಬ್ಯಾಡ್ರಿ. ಕೂಸನ್ನ ಮಣ್ಣ ಮಾಡೂ ಮುಂದ ತಂಗಿ ಅದನ್ನ ತೊಟ್ಟಲದಿಂದ ಬಿಚ್ಚಿ ಕೂಸಿನ ಎದಿ ಮ್ಯಾಲ ಇಟ್ಟಾಳ. ಯಾರಿಗೂ ಹೇಳಿಲ್ಲ. ಬಳಿ ಇಡೂ ಮುಂದ ನನ್ನ ಕೈ ಹಿಡಕೊಂಡು ಅತ್ತಳ್ರಿ. ಅವ್ವನ ಹೊಲಗಿ ಮಣ್ಣಾಗ ಹಾಕೇನಿ, ಅಪ್ಪಗ ಹೆಂಗ ಬರೀಲಿ, ಯಾವ ಮಾರಿ ಹೊತ್ತ ತವರಮನಿಗೆ ಹೋಗಲಿ ಅಂತ.”

ಹುಚ್ಚಿ, ಇದಕ್ಕೇ ನೀನು ಬರಲಿಲ್ಲವೇ? ಕೂಸು ಹೋದ ಸುದ್ದಿ ತಿಳಿದು ನಾನು ಗಾಡಿ ಕಟ್ಟಿಕೊಂಡು ಬರುವುದರೊಳಗೆ ಎಲ್ಲ ಮುಗಿದಿತ್ತು. ಅವನ ಕೂಡ ಏನು ಕಳಿಸಿದಿರಿ ಎಂದು ನಾನು ಕೇಳಲಿಲ್ಲ, ನೀನು ಹೇಳಲಿಲ್ಲ. ಅಂದಿನಿಂದ ಯಾವ ಕಾಗದದಲ್ಲೂ ಅವನ ಹೆಸರು ಬರೆಯಲು ನನಗೆ ಧೈರ್ಯ ಬಂದಿಲ್ಲ. ಈಗ ಬರೆಯುತ್ತೇನೆ. ಶಟ್ಟೆಪ್ಪ. ಅಜ್ಜಿಯ ಹೆಸರು ಹೊತ್ತ ನನ್ನ ಮೊಮ್ಮಗ ಶಟ್ಟೆಪ್ಪ.

ಅಜ್ಜನವರಿಗೊಬ್ಬರಿಗೇ ಹೇಳಿದ್ದೇನೆ. ಅವರು, “ಪ್ರಸಾದ ಮುಟ್ಟಬೇಕಾದಲ್ಲಿ ಮುಟ್ಟೇತಿ” ಎಂದರು. ಹರಿಯಲೆಂದೇ ಹೊಲಿದವಳು ನಿಮ್ಮವ್ವ. ಮೊಮ್ಮಗನನ್ನು ಅವಳು ಎತ್ತಿಕೊಳ್ಳಲಾಗಲಿಲ್ಲ, ಅವಳ ನಂದಿ ಅವನ ಕೂಡ ಹೋಗಿದೆ. ನೀನು ಬಂದು ಆ ಖಾಲಿ ಜಾಗದ ಮುಂದೆ ನನ್ನ ಪಕ್ಕ ನಿಲ್ಲು. ಅದರೊಳಗಿಂದ ದೀಪ ಕಾಣುತ್ತದೆ.